ಅಮೆರಿಕದ ಬಂದೂಕು ಸಾವುಗಳಲ್ಲಿ ಹೆಚ್ಚಿನವು ಕೊಲೆಗಳಲ್ಲ: ಹಾಗಿದ್ದರೆ ಸಂಶೋಧನೆಯ ಮೇಲೆ ಜಗಳವೇಕೆ?

ಅಮೆರಿಕದ ಆರೋಗ್ಯ ಇಲಾಖೆ ತನ್ನ ಜಾಲತಾಣದಲ್ಲಿದ್ದ ಒಂದು ಸರ್ಕಾರಿ ವರದಿಯನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ಬಂದೂಕಿನ ಹಿಂಸೆ ದೇಶದ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟಾಗಿದೆ ಎಂದು ಸಾರಿದ್ದ ಆ ವರದಿಯನ್ನು 2024ರ ಜೂನ್‌ನಲ್ಲಿ ಹೊರಡಿಸಿದ್ದವರು ಆಗಿನ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಸರ್ಕಾರದ ಪರವಾಗಿ ಮಾತನಾಡುವ ಹಿರಿಯ ವೈದ್ಯಾಧಿಕಾರಿ, ಡಾ. ವಿವೇಕ್ ಮೂರ್ತಿ. ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಕನ್ನಡ ಓದುಗರಿಗೆ ಆ ಹೆಸರು ಹೊಸದಲ್ಲ. ವರದಿ ಮರೆಯಾದ ಕೆಲವೇ ದಿನಗಳಲ್ಲಿ, ಏಪ್ರಿಲ್ 1ರಂದು, ಅದೇ ಇಲಾಖೆಯಲ್ಲಿ ಸಾವಿರಾರು ನೌಕರರನ್ನು ಕೆಲಸದಿಂದ ತೆಗೆಯುವ ಆದೇಶ ಹೊರಬಿತ್ತು. ರೋಗ ನಿಯಂತ್ರಣ ಕೇಂದ್ರದಲ್ಲಿ, ಅಂದರೆ ಸಿಡಿಸಿಯಲ್ಲಿ, ಗಾಯ ಮತ್ತು ಹಿಂಸೆಯ ತಡೆಗೆಂದೇ ಇರುವ ವಿಭಾಗದ ಅನೇಕರು ಆ ಪಟ್ಟಿಯಲ್ಲಿದ್ದರು. ಗಾಯ ಮತ್ತು ಸಾವುಗಳ ಅಂಕಿಅಂಶಗಳನ್ನು ಸಾರ್ವಜನಿಕರಿಗೆ ಒದಗಿಸುವ ‘ವಿಸ್ಕಾರ್ಸ್’ ಎಂಬ ತಾಣವನ್ನು ನಡೆಸುತ್ತಿದ್ದವರೂ ಅವರಲ್ಲಿ ಸೇರಿದ್ದರು.

ಇದೇ ಹೊತ್ತಿಗೆ ಇನ್ನೊಂದು ಸುದ್ದಿಯೂ ಬರುತ್ತಿತ್ತು. ಕೋವಿಡ್ ಕಾಲದಲ್ಲಿ ಏರಿದ್ದ ಬಂದೂಕಿನ ಸಾವುಗಳು ಅಮೆರಿಕದಲ್ಲಿ ಇಳಿಯುತ್ತಿವೆ ಎಂಬುದು ಆ ಸುದ್ದಿ. ಎರಡನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಸಾವುಗಳು ಇಳಿಯುತ್ತಿದ್ದರೆ ಸಂಶೋಧನೆ ನಿಂತರೆ ಏನು ನಷ್ಟ? ಅದಕ್ಕಿಂತ ಮೊದಲು, ಪೊಲೀಸರಿಗೂ ನ್ಯಾಯಾಲಯಕ್ಕೂ ಸೇರಬೇಕಾದ ಬಂದೂಕಿನ ವಿಷಯದಲ್ಲಿ ವೈದ್ಯರಿಗೇನು ಕೆಲಸ? ಈ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ, ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರು ಯಾರು ಎಂಬಲ್ಲಿಂದ ಆರಂಭಿಸಬೇಕು.

ಇಳಿಕೆಯ ಒಳಗಿರುವ ಏರಿಕೆ

2021ರಲ್ಲಿ ಅಮೆರಿಕದಲ್ಲಿ 48,830 ಮಂದಿ ಗುಂಡಿನ ಗಾಯದಿಂದ ಸತ್ತರು. 2023ರಲ್ಲಿ ಆ ಸಂಖ್ಯೆ 46,728ಕ್ಕೆ ಇಳಿಯಿತು. ಎರಡು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಾವುಗಳು ಕಡಿಮೆಯಾದವು ಎಂಬುದು ಮೇಲ್ನೋಟದ ಚಿತ್ರ. ಆದರೆ ಈ ಮೊತ್ತವನ್ನು ಬಿಡಿಸಿ ನೋಡಿದರೆ ಬೇರೆಯದೇ ಕಥೆ ಕಾಣುತ್ತದೆ. ಕೊಲೆಗಳು 20,958ರಿಂದ 17,927ಕ್ಕೆ ಇಳಿದಿದ್ದರೆ, ಬಂದೂಕಿನಿಂದ ಆದ ಆತ್ಮಹತ್ಯೆಗಳು 26,328ರಿಂದ 27,300ಕ್ಕೆ ಏರಿದ್ದವು. ಕೊಲೆಗಳ ಇಳಿಕೆ ದೊಡ್ಡದಾಗಿದ್ದುದರಿಂದ ಆತ್ಮಹತ್ಯೆಗಳ ಏರಿಕೆ ಒಟ್ಟು ಲೆಕ್ಕದಲ್ಲಿ ಮುಚ್ಚಿಹೋಯಿತು.

2023ರ ಬಂದೂಕು ಸಾವುಗಳಲ್ಲಿ ಶೇ 58ರಷ್ಟು ಆತ್ಮಹತ್ಯೆಗಳು. ಕೊಲೆಗಳು ಶೇ 38. ಆಕಸ್ಮಿಕವಾಗಿ ಸಿಡಿದ ಗುಂಡು, ಪೊಲೀಸರು ಹಾರಿಸಿದ ಗುಂಡು, ಕಾರಣ ನಿರ್ಧಾರವಾಗದ ಪ್ರಕರಣಗಳು ಎಲ್ಲ ಸೇರಿ ಉಳಿದದ್ದು ಸುಮಾರು 1,500. ಆ ವರ್ಷ ಅಮೆರಿಕದಲ್ಲಿ ಆದ ಒಟ್ಟು 49,316 ಆತ್ಮಹತ್ಯೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದೂಕಿನಿಂದಲೇ ಆದವು. ಶಾಲೆಗಳಲ್ಲಿ, ಮಾರುಕಟ್ಟೆಗಳಲ್ಲಿ ನಡೆಯುವ ಸಾಮೂಹಿಕ ಗುಂಡಿನ ದಾಳಿಗಳು ಜಗತ್ತಿನ ಗಮನ ಸೆಳೆಯುತ್ತವೆ, ಸೆಳೆಯಬೇಕಾದದ್ದೂ ಹೌದು; ಆದರೆ ಒಟ್ಟು ಸಾವುಗಳಲ್ಲಿ ಅವುಗಳ ಪಾಲು ಬಹಳ ಸಣ್ಣದು.

ಸಾಯುವವರೂ ಬೇರೆ ಬೇರೆ. ಗುಂಡಿಗೆ ಬಲಿಯಾಗಿ ಕೊಲೆಯಾಗುವವರಲ್ಲಿ ನಗರಗಳ ಕಪ್ಪುವರ್ಣೀಯ ಯುವಕರ ಪ್ರಮಾಣ ಅತಿ ಹೆಚ್ಚು. ಬಂದೂಕಿನ ಆತ್ಮಹತ್ಯೆಯ ಪ್ರಮಾಣ ಹೆಚ್ಚಿರುವುದು ವಯಸ್ಸಾದ ಬಿಳಿಯ ಪುರುಷರಲ್ಲಿ, ಸೇನೆಯಿಂದ ನಿವೃತ್ತರಾದವರಲ್ಲಿ, ವಯೋಮಿಂಗ್ ಮತ್ತು ಮೊಂಟಾನಾದಂತಹ ವಿರಳ ಜನವಸತಿಯ ರಾಜ್ಯಗಳಲ್ಲಿ. ಇವು ಬಂದೂಕಿನ ಹಕ್ಕನ್ನು ಪ್ರಬಲವಾಗಿ ಎತ್ತಿಹಿಡಿಯುವ ಸಮುದಾಯಗಳೇ. ಅಂದರೆ, ಬಂದೂಕಿನ ಸಂಶೋಧನೆ ಯಾರ ವಿರುದ್ಧ ನಡೆಯುತ್ತಿದೆ ಎಂದು ರಾಜಕೀಯದಲ್ಲಿ ಬಿಂಬಿಸಲಾಗುತ್ತದೆಯೋ, ಅದರಿಂದ ಹೆಚ್ಚು ಪ್ರಯೋಜನವಾಗಬೇಕಾದದ್ದು ಅವರ ಮನೆಗಳಿಗೇ. ಈ ವಿವಾದದಲ್ಲಿ ಬಹಳ ಕಡಿಮೆ ಚರ್ಚೆಯಾಗುವ ಸಂಗತಿ ಇದು.

ಕೆಲವು ನಿಮಿಷಗಳ ಅಂತರ

ಸಾಯಬೇಕೆಂದು ನಿಶ್ಚಯಿಸಿದವರು ಬಂದೂಕು ಸಿಗದಿದ್ದರೆ ಬೇರೆ ದಾರಿ ಹುಡುಕಿಕೊಳ್ಳುತ್ತಾರೆ, ಹಾಗಾಗಿ ಬಂದೂಕನ್ನು ದೂರವಿಡುವುದರಿಂದ ಏನೂ ಆಗುವುದಿಲ್ಲ ಎಂಬ ನಂಬಿಕೆ ಅಮೆರಿಕದಲ್ಲಷ್ಟೇ ಅಲ್ಲ, ಎಲ್ಲೆಡೆ ಇದೆ. ಸಾರ್ವಜನಿಕ ಆರೋಗ್ಯದ ಸಂಶೋಧನೆ ಈ ನಂಬಿಕೆಯನ್ನು ದಶಕಗಳಿಂದ ಪರೀಕ್ಷಿಸಿದೆ, ಮತ್ತು ಅದು ಬಹುಮಟ್ಟಿಗೆ ತಪ್ಪು ಎಂದು ಕಂಡುಕೊಂಡಿದೆ.

ಮೊದಲನೆಯದಾಗಿ, ಆತ್ಮಹತ್ಯೆಯ ಯೋಚನೆ ತಿಂಗಳುಗಟ್ಟಲೆ ಬಂದುಹೋಗುತ್ತಿದ್ದರೂ ಅದು ಕೃತ್ಯಕ್ಕೆ ತಿರುಗುವ ತೀವ್ರ ಘಳಿಗೆ ಅನೇಕರಲ್ಲಿ ಬಹಳ ಕಿರಿದು. ಬದುಕುಳಿದವರನ್ನು ಮಾತನಾಡಿಸಿ ಮಾಡಿದ ಅಧ್ಯಯನಗಳಲ್ಲಿ, ನಿರ್ಧಾರಕ್ಕೂ ಕೃತ್ಯಕ್ಕೂ ನಡುವೆ ಇದ್ದದ್ದು ಕೆಲವೇ ನಿಮಿಷ ಎಂದವರ ಸಂಖ್ಯೆ ಗಣನೀಯವಾಗಿದೆ. ಎರಡನೆಯದಾಗಿ, ಒಮ್ಮೆ ಪ್ರಯತ್ನಿಸಿ ಬದುಕುಳಿದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಘಳಿಗೆ ಕಳೆದರೆ ಬಹುಪಾಲು ಜನ ಬದುಕಿಗೆ ಮರಳುತ್ತಾರೆ ಎಂಬುದು ಇದರ ಅರ್ಥ. ಮೂರನೆಯದು ಬಂದೂಕಿನ ಸ್ವಭಾವಕ್ಕೆ ಸಂಬಂಧಿಸಿದ್ದು. ಮನಸ್ಸು ಬದಲಾಯಿಸಲು, ಯಾರನ್ನಾದರೂ ಕೂಗಲು, ಆಸ್ಪತ್ರೆ ಸೇರಲು ಅದು ಸಮಯ ಕೊಡುವುದಿಲ್ಲ. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ, ಸಂಕಟದಲ್ಲಿರುವ ವ್ಯಕ್ತಿಗೂ ಬಂದೂಕಿಗೂ ನಡುವೆ ಸ್ವಲ್ಪ ಕಾಲ, ಸ್ವಲ್ಪ ದೂರ ಉಂಟುಮಾಡಿದರೂ ಜೀವ ಉಳಿಯಬಹುದು ಎಂಬ ತರ್ಕ ಸ್ಪಷ್ಟವಾಗುತ್ತದೆ.

ತರ್ಕಕ್ಕೆ ಪುರಾವೆ ಬೇಕು. 2020ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಕ್ಯಾಲಿಫೋರ್ನಿಯಾದ ಅಧ್ಯಯನ ಈ ಕ್ಷೇತ್ರದ ಬಹು ಮುಖ್ಯ ಕೆಲಸಗಳಲ್ಲೊಂದು. 2004ರ ಅಕ್ಟೋಬರ್‌ನಿಂದ 2016ರ ಡಿಸೆಂಬರ್‌ವರೆಗೆ ಆ ರಾಜ್ಯದ 2.63 ಕೋಟಿ ವಯಸ್ಕರ ದಾಖಲೆಗಳನ್ನು ಅದು ಪರಿಶೀಲಿಸಿತು. ಪಿಸ್ತೂಲು ಇಲ್ಲದವರಿಗೆ ಹೋಲಿಸಿದರೆ, ಪಿಸ್ತೂಲು ಕೊಂಡ ಪುರುಷರು ಬಂದೂಕಿನ ಆತ್ಮಹತ್ಯೆಯಿಂದ ಸಾಯುವ ಪ್ರಮಾಣ ಸುಮಾರು 8 ಪಟ್ಟು, ಮಹಿಳೆಯರಲ್ಲಿ ಸುಮಾರು 35 ಪಟ್ಟು ಹೆಚ್ಚಿತ್ತು. ಇನ್ನೂ ಮಹತ್ವದ ಸಂಗತಿಯೆಂದರೆ, ಬೇರೆ ವಿಧಾನಗಳಿಂದ ಆಗುವ ಆತ್ಮಹತ್ಯೆಯ ಪ್ರಮಾಣ ಪಿಸ್ತೂಲು ಉಳ್ಳವರಲ್ಲಿ ಹೆಚ್ಚಿರಲಿಲ್ಲ. ಬಂದೂಕು ಕೊಳ್ಳುವವರೇ ಸ್ವಭಾವತಃ ಹೆಚ್ಚು ಖಿನ್ನರು ಎಂಬುದಷ್ಟೇ ಕಾರಣವಾಗಿದ್ದರೆ ಬೇರೆ ವಿಧಾನಗಳ ಸಾವುಗಳೂ ಅವರಲ್ಲಿ ಹೆಚ್ಚಿರಬೇಕಿತ್ತು.

ಅಧ್ಯಯನದ ಇನ್ನೊಂದು ಫಲಿತಾಂಶ ನೀತಿ ರೂಪಿಸುವವರಿಗೆ ನೇರವಾಗಿ ಬೇಕಾದದ್ದು. ಅಪಾಯ ಅತಿ ಹೆಚ್ಚಿದ್ದುದು ಮೊದಲ ಬಾರಿ ಪಿಸ್ತೂಲು ಕೊಂಡ ತಕ್ಷಣದ ದಿನಗಳಲ್ಲಿ. ಅಂದರೆ ಕೆಲವರು ಸಾಯುವ ಉದ್ದೇಶದಿಂದಲೇ ಅಂಗಡಿಗೆ ಹೋಗುತ್ತಾರೆ. ಖರೀದಿಗೂ ಹಸ್ತಾಂತರಕ್ಕೂ ನಡುವೆ ಕೆಲವು ದಿನಗಳ ಕಾಯುವಿಕೆಯನ್ನು ಕಡ್ಡಾಯ ಮಾಡುವ ಕಾನೂನುಗಳಿಗೆ ಇದು ಸಮರ್ಥನೆ ಒದಗಿಸುತ್ತದೆ. ಆದರೆ ಪಿಸ್ತೂಲು ಉಳ್ಳವರ ಬಂದೂಕು ಆತ್ಮಹತ್ಯೆಗಳಲ್ಲಿ ಶೇ 52ರಷ್ಟು ಸಂಭವಿಸಿದ್ದು ಖರೀದಿಯಾಗಿ ವರ್ಷ ಕಳೆದ ಮೇಲೆ. ಕಾಯುವಿಕೆಯೊಂದರಿಂದಲೇ ಸಮಸ್ಯೆ ತೀರುವುದಿಲ್ಲ. ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಇರುವ ಬಂದೂಕಿನ ಬಗ್ಗೆಯೂ ಯೋಚಿಸಬೇಕು ಎಂದು ಅದೇ ಅಧ್ಯಯನ ತೋರಿಸಿಕೊಟ್ಟಿತು.

ಈ ಅಧ್ಯಯನ ಕ್ಯಾಲಿಫೋರ್ನಿಯಾದಲ್ಲೇ ಏಕೆ ನಡೆಯಿತು? 1986ರ ಕೇಂದ್ರ ಕಾನೂನೊಂದು ದೇಶಮಟ್ಟದಲ್ಲಿ ಬಂದೂಕು ಮಾಲೀಕರ ನೋಂದಣಿ ಪಟ್ಟಿ ಮಾಡುವುದನ್ನೇ ನಿಷೇಧಿಸಿದೆ. ಪಿಸ್ತೂಲು ಮಾರಾಟದ ದಾಖಲೆಯನ್ನು ತಾನೇ ಇಟ್ಟುಕೊಂಡು ಬಂದಿರುವ ರಾಜ್ಯ ಕ್ಯಾಲಿಫೋರ್ನಿಯಾ ಆದ್ದರಿಂದ, ಆ ದಾಖಲೆಯನ್ನು ಸಾವಿನ ದಾಖಲೆಗೆ ಜೋಡಿಸಲು ಅಲ್ಲಿ ಸಾಧ್ಯವಾಯಿತು. ದತ್ತಾಂಶ ಇದ್ದಲ್ಲಿ ಮಾತ್ರ ಉತ್ತರ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

1996ರ ಒಂದು ವಾಕ್ಯ

ಹೀಗಿರುವಾಗ ಅಮೆರಿಕದ ಕೇಂದ್ರ ಸರ್ಕಾರ ಇಂಥ ಸಂಶೋಧನೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಬೆನ್ನು ಹಾಕಿದ್ದೇಕೆ? 1990ರ ದಶಕದ ಆರಂಭದಲ್ಲಿ ಸಿಡಿಸಿಯ ಹಣದ ನೆರವಿನಿಂದ ಡಾ. ಆರ್ಥರ್ ಕೆಲರ್‌ಮನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನಗಳು ಇದಕ್ಕೆ ಕಿಡಿಯಾದವು. ಮನೆಯಲ್ಲಿ ಬಂದೂಕು ಇರುವುದಕ್ಕೂ ಆ ಮನೆಯಲ್ಲಿ ಆತ್ಮಹತ್ಯೆ ಸಂಭವಿಸುವುದಕ್ಕೂ ಬಲವಾದ ಸಂಬಂಧವಿದೆ ಎಂದು 1992ರ ಅಧ್ಯಯನ ಹೇಳಿತು. ಬಂದೂಕಿರುವ ಮನೆಯಲ್ಲಿ ಕೊಲೆ ನಡೆಯುವ ಸಾಧ್ಯತೆ ಸುಮಾರು 2.7 ಪಟ್ಟು ಹೆಚ್ಚು ಎಂದು 1993ರ ಅಧ್ಯಯನ ಹೇಳಿತು. ಆತ್ಮರಕ್ಷಣೆಗಾಗಿ ಬಂದೂಕು ಎಂಬ ಪ್ರಚಾರದ ಬುಡಕ್ಕೇ ಇದು ಪೆಟ್ಟು ಕೊಡುತ್ತಿತ್ತು. ಬಂದೂಕು ಮಾಲೀಕರ ಪ್ರಬಲ ಸಂಘಟನೆಯಾದ ರಾಷ್ಟ್ರೀಯ ರೈಫಲ್ ಸಂಘ, ಎನ್‌ಆರ್‌ಎ, ಸಿಡಿಸಿಯ ಗಾಯ ತಡೆ ಕೇಂದ್ರವನ್ನೇ ಮುಚ್ಚಬೇಕೆಂದು ಒತ್ತಾಯಿಸಿತು.

ಕೇಂದ್ರ ಮುಚ್ಚಲಿಲ್ಲ. ಅದರ ಬದಲು 1996ರಲ್ಲಿ ಅರ್ಕಾನ್ಸಾಸ್‌ನ ರಿಪಬ್ಲಿಕನ್ ಸಂಸದ ಜೇ ಡಿಕಿ ಅವರ ಹೆಸರಿನಲ್ಲಿ ಬಜೆಟ್ ಮಸೂದೆಗೆ ಒಂದು ವಾಕ್ಯ ಸೇರಿತು. ಗಾಯ ತಡೆಗೆಂದು ನೀಡಿದ ಹಣವನ್ನು ಬಂದೂಕು ನಿಯಂತ್ರಣದ ಪರವಾಗಿ ವಾದಿಸಲು ಅಥವಾ ಅದನ್ನು ಉತ್ತೇಜಿಸಲು ಬಳಸಬಾರದು ಎಂಬುದು ಅದರ ಸಾರ. ಗಮನಿಸಬೇಕು: ಸಂಶೋಧನೆಯನ್ನು ನಿಷೇಧಿಸುವ ಒಂದು ಪದವೂ ಅದರಲ್ಲಿಲ್ಲ. ಆದರೆ ಅದರ ಜೊತೆಗೇ ಸಂಸತ್ತು ಸಿಡಿಸಿಯ ಬಜೆಟ್‌ನಿಂದ 26 ಲಕ್ಷ ಡಾಲರ್ ಕಿತ್ತು ಮಿದುಳಿನ ಗಾಯಗಳ ಅಧ್ಯಯನಕ್ಕೆ ಮೀಸಲಿಟ್ಟಿತು. ಹಿಂದಿನ ವರ್ಷ ಬಂದೂಕಿನ ಸಂಶೋಧನೆಗೆ ಸಿಡಿಸಿ ಖರ್ಚು ಮಾಡಿದ್ದ ಮೊತ್ತವೂ ಸರಿಯಾಗಿ ಅಷ್ಟೇ ಆಗಿತ್ತು. ಸಂದೇಶ ಏನೆಂದು ಅಧಿಕಾರಿಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಯಾವ ಅಧ್ಯಯನವನ್ನು ‘ಪರವಾದ ವಾದ’ ಎಂದು ಪರಿಗಣಿಸಬಹುದು ಎಂಬುದನ್ನು ಕಾನೂನು ವಿವರಿಸಿರಲಿಲ್ಲ. ಗೆರೆ ಎಲ್ಲಿದೆ ಎಂದು ತಿಳಿಯದಿದ್ದಾಗ ಜನ ಗೆರೆಯಿಂದ ಬಹುದೂರ ನಿಲ್ಲುತ್ತಾರೆ. ಸಿಡಿಸಿಯೂ ಹಾಗೆಯೇ ನಿಂತಿತು. ಹಣ ನಿಂತಿತು, ಹಣ ನಿಂತ ಮೇಲೆ ಯುವ ಸಂಶೋಧಕರು ಬೇರೆ ವಿಷಯಗಳಿಗೆ ಹೊರಳಿದರು, ಅವರು ಹೊರಳಿದ ಮೇಲೆ ಮುಂದಿನ ಪೀಳಿಗೆಗೆ ಕಲಿಸುವವರೇ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ತುರ್ತುಚಿಕಿತ್ಸಾ ವೈದ್ಯ ಗಾರೆನ್ ವಿಂಟೆಮ್ಯೂಟ್ ಅವರಂಥ ಬೆರಳೆಣಿಕೆಯ ಮಂದಿ ಕೆಲಸ ಮುಂದುವರಿಸಿದರು. ಅದಕ್ಕಾಗಿ ವಿಂಟೆಮ್ಯೂಟ್ ತಮ್ಮ ಸ್ವಂತ ಹಣವನ್ನೇ ತೊಡಗಿಸಬೇಕಾಯಿತು. ಇತರ ಕಾಯಿಲೆಗಳಿಂದ ಆಗುವ ಸಾವುಗಳಿಗೆ ಹೋಲಿಸಿ ಲೆಕ್ಕ ಹಾಕಿದರೆ, 2004ರಿಂದ 2015ರವರೆಗೆ ಬಂದೂಕಿನ ಹಿಂಸೆಯ ಸಂಶೋಧನೆಗೆ ಸಿಗಬೇಕಾಗಿದ್ದ ಕೇಂದ್ರದ ಹಣದಲ್ಲಿ ಕೇವಲ ಶೇ 1.6ರಷ್ಟು ಸಿಕ್ಕಿತ್ತು ಎಂದು 2017ರ ವಿಶ್ಲೇಷಣೆಯೊಂದು ಅಂದಾಜಿಸಿತು.

ಡಿಕಿ ಅವರ ಮುಂದಿನ ನಡೆಯನ್ನು ಇಲ್ಲಿ ಹೇಳದೆ ಬಿಡುವುದು ಅನ್ಯಾಯವಾದೀತು. 1996ರಲ್ಲಿ ಗಾಯ ತಡೆ ಕೇಂದ್ರದ ನಿರ್ದೇಶಕರಾಗಿದ್ದ ಮಾರ್ಕ್ ರೋಸೆನ್‌ಬರ್ಗ್ ಅವರಿಗೆ ಡಿಕಿ ಎದುರಾಳಿಯಾಗಿದ್ದವರು. ಆಮೇಲೆ ಇಬ್ಬರೂ ಸ್ನೇಹಿತರಾದರು. 2012ರ ಜುಲೈನಲ್ಲಿ ಕೊಲರಾಡೋದ ಅರೋರಾದ ಚಿತ್ರಮಂದಿರದಲ್ಲಿ ಗುಂಡಿನ ದಾಳಿ ನಡೆದ ಬಳಿಕ ಇಬ್ಬರೂ ಸೇರಿ ‘ವಾಷಿಂಗ್ಟನ್ ಪೋಸ್ಟ್’ಗೆ ಲೇಖನ ಬರೆದು, ಬಂದೂಕಿನ ಗಾಯಗಳ ಬಗ್ಗೆ ವೈಜ್ಞಾನಿಕ ಸಂಶೋಧನೆ ನಡೆಯಲೇಬೇಕು ಎಂದು ಒತ್ತಾಯಿಸಿದರು. ರಸ್ತೆ ಅಪಘಾತಗಳ ಸಂಶೋಧನೆ ಕಾರುಗಳನ್ನು ನಿಷೇಧಿಸದೆಯೇ ಸಾವುಗಳನ್ನು ತಗ್ಗಿಸಿತು. ಸೀಟ್‌ಬೆಲ್ಟ್, ರಸ್ತೆ ನಡುವಿನ ತಡೆಗೋಡೆ ಬಂದವು, ಕಾರುಗಳು ಉಳಿದವು. ಬಂದೂಕಿನ ವಿಷಯದಲ್ಲೂ ಹಾಗೆಯೇ ಮಾಡಬಹುದು ಎಂಬುದು ಅವರ ವಾದ. 1996ರಲ್ಲಿ ತಮ್ಮ ಹೆಸರಿನಲ್ಲಿ ಬಂದ ಆ ತಿದ್ದುಪಡಿಯ ಪರಿಣಾಮದ ಬಗ್ಗೆ ತಮಗೆ ವಿಷಾದವಿದೆ ಎಂದು ಡಿಕಿ 2015ರಲ್ಲಿ ಬಹಿರಂಗವಾಗಿಯೇ ಹೇಳಿದರು. 2017ರಲ್ಲಿ ಅವರು ತೀರಿಕೊಂಡರು.

ಅವರು ಬಯಸಿದ ಬದಲಾವಣೆ ಆ ನಂತರ ಬಂತು. ತಿದ್ದುಪಡಿ ಇದ್ದರೂ ಸಿಡಿಸಿ ಸಂಶೋಧನೆ ನಡೆಸಬಹುದು ಎಂದು ಸಂಸತ್ತು 2018ರಲ್ಲಿ ಸ್ಪಷ್ಟಪಡಿಸಿತು. 2019ರ ಡಿಸೆಂಬರ್‌ನಲ್ಲಿ ಸಿಡಿಸಿಗೂ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೂ ಸಮಪಾಲಾಗಿ ಒಟ್ಟು 2.5 ಕೋಟಿ ಡಾಲರ್ ಮಂಜೂರಾಯಿತು. ಆ ಮೂಲ ವಾಕ್ಯ ಮಾತ್ರ ಹಾಗೆಯೇ ಉಳಿದುಕೊಂಡಿತು.

ಬಂದೂಕು ಹಕ್ಕಿನ ಪರವಾಗಿರುವವರ ಆಕ್ಷೇಪಗಳು

ಸಂಶೋಧನೆಯನ್ನು ವಿರೋಧಿಸಿದವರೆಲ್ಲರೂ ಸಾವುಗಳ ಬಗ್ಗೆ ನಿರ್ಲಕ್ಷ್ಯ ತೋರಿದವರು ಎಂದು ತಳ್ಳಿಹಾಕುವುದು ಸರಿಯಲ್ಲ. ಅವರ ಮೊದಲ ಆಕ್ಷೇಪ ನಿಷ್ಪಕ್ಷಪಾತದ ಬಗ್ಗೆ. 1990ರ ದಶಕದಲ್ಲಿ ಸಾರ್ವಜನಿಕ ಆರೋಗ್ಯ ಕ್ಷೇತ್ರದ ಕೆಲವರು ಬಂದೂಕನ್ನು ಸಿಗರೇಟಿನ ಸಾಲಿಗೆ ಸೇರಿಸಿ ಮಾತನಾಡಿದ್ದುಂಟು. ತೀರ್ಮಾನವನ್ನು ಮೊದಲೇ ಮಾಡಿಕೊಂಡವರು ಅಧ್ಯಯನವನ್ನು ಆಮೇಲೆ ಮಾಡುತ್ತಿದ್ದಾರೆ ಎಂಬ ಸಂಶಯಕ್ಕೆ ಅಂಥ ಮಾತುಗಳೇ ಎಡೆ ಮಾಡಿಕೊಟ್ಟವು. ಬಂದೂಕು ಹೊಂದಲು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕನ್ನು ರೋಗವೆಂಬಂತೆ ನೋಡುವುದೇ ತಪ್ಪು ಎಂಬುದು ಅವರ ತತ್ತ್ವ. ಡಾ. ಮೂರ್ತಿ ಅವರು ಬಂದೂಕು ಆರೋಗ್ಯದ ವಿಷಯ ಎಂದು 2012ರಲ್ಲಿ ಬರೆದಿದ್ದ ಒಂದು ಟ್ವೀಟ್‌ ಕಾರಣಕ್ಕೆ ಎನ್‌ಆರ್‌ಎ ಅವರ ನೇಮಕವನ್ನು ವಿರೋಧಿಸಿ, 2014ರ ಡಿಸೆಂಬರ್‌ವರೆಗೆ ಸೆನೆಟ್‌ನ ಒಪ್ಪಿಗೆ ಎಳೆದಾಡಿದ್ದರ ಹಿಂದೆಯೂ ಇದೇ ತತ್ತ್ವವಿತ್ತು.

ಎರಡನೆಯ ಆಕ್ಷೇಪ ವಿಧಾನದ್ದು, ಮತ್ತು ಇದಕ್ಕೆ ಹೆಚ್ಚು ತೂಕವಿದೆ. ಕೆಲರ್‌ಮನ್ ಅವರ ಅಧ್ಯಯನಗಳು ಸಾವು ಸಂಭವಿಸಿದ ಮನೆಗಳನ್ನು ಸಂಭವಿಸದ ಮನೆಗಳೊಂದಿಗೆ ಹೋಲಿಸಿದವು. ಅಪಾಯದ ಭಯ ಇದ್ದವರೇ ಬಂದೂಕು ಕೊಂಡಿದ್ದರೆ, ಬಂದೂಕು ಅಪಾಯಕ್ಕೆ ಕಾರಣವೋ ಅಪಾಯ ಬಂದೂಕಿಗೆ ಕಾರಣವೋ ಎಂದು ಇಂಥ ಹೋಲಿಕೆಯಿಂದ ಖಚಿತವಾಗಿ ಹೇಳಲಾಗದು. ಬಂದೂಕು ತೋರಿಸಿ ಅಪರಾಧವನ್ನು ತಪ್ಪಿಸಿದ ಪ್ರಸಂಗಗಳು ವರ್ಷಕ್ಕೆ ಎಷ್ಟು ಎಂಬ ಅಂದಾಜುಗಳಲ್ಲೂ ಅಜಗಜಾಂತರವಿದೆ: ಸರ್ಕಾರದ ಅಪರಾಧ ಸಮೀಕ್ಷೆಯ ಆಧಾರದ ಲೆಕ್ಕ ಒಂದು ಲಕ್ಷದ ಆಸುಪಾಸಿನಲ್ಲಿದ್ದರೆ, 1995ರ ಒಂದು ದೂರವಾಣಿ ಸಮೀಕ್ಷೆ 25 ಲಕ್ಷ ಎಂದಿತ್ತು. ಬಂದೂಕಿನ ಹಾನಿಯನ್ನಷ್ಟೇ ಎಣಿಸಿ ಪ್ರಯೋಜನವನ್ನು ಎಣಿಸದಿರುವುದು ಪಕ್ಷಪಾತವಲ್ಲವೇ ಎಂದು ಅವರು ಕೇಳುತ್ತಾರೆ.

ಈ ಪ್ರಶ್ನೆಗಳು ನ್ಯಾಯವಾದವು. ಆದರೆ ಅವುಗಳಿಗೆ ಉತ್ತರ ಸಿಗುವುದು ಹೆಚ್ಚಿನ, ಉತ್ತಮ ಸಂಶೋಧನೆಯಿಂದಲೇ ಹೊರತು ಸಂಶೋಧನೆಯನ್ನು ನಿಲ್ಲಿಸುವುದರಿಂದ ಅಲ್ಲ. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2018ರಲ್ಲಿ ಬಂದೂಕು ಕಾನೂನುಗಳ ಬಗೆಗಿನ ಎಲ್ಲ ಅಧ್ಯಯನಗಳನ್ನು ಜರಡಿ ಹಿಡಿದಾಗ, ಬಹುತೇಕ ಕಾನೂನುಗಳ ಪರಿಣಾಮದ ಬಗ್ಗೆ ಗಟ್ಟಿ ಪುರಾವೆಯೇ ಇಲ್ಲವೆಂದು ಕಂಡುಬಂತು. ನಿಯಂತ್ರಣದ ಪರ ಇರುವವರ ಕೆಲವು ಮೆಚ್ಚಿನ ಕಾನೂನುಗಳಿಗೂ ಅದು ಅನ್ವಯಿಸುತ್ತಿತ್ತು. ಬಲವಾದ ಬೆಂಬಲ ಸಿಕ್ಕ ಕೆಲವೇ ಕ್ರಮಗಳಲ್ಲಿ ಒಂದು, ಮಕ್ಕಳ ಕೈಗೆ ಸಿಗದಂತೆ ಬಂದೂಕನ್ನು ಬೀಗದಲ್ಲಿಡಬೇಕೆಂಬ ಕಾನೂನು. ಅದು ಎಳೆಯರ ಬಂದೂಕು ಆತ್ಮಹತ್ಯೆಯನ್ನೂ ಆಕಸ್ಮಿಕ ಗಾಯಗಳನ್ನೂ ತಗ್ಗಿಸುತ್ತದೆ ಎಂದು ಪುರಾವೆ ತೋರಿಸುತ್ತದೆ. 2020ರಿಂದ ಅಮೆರಿಕದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಬಂದೂಕೇ ಆಗಿರುವಾಗ ಇದನ್ನು ಸಣ್ಣ ಮಾತೆನ್ನಲಾಗದು.

ಅಂಗಡಿಯವನೂ ಸಂಶೋಧಕನೂ ಒಂದಾದಾಗ

2009ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದೇ ಬಂದೂಕು ಅಂಗಡಿಯಿಂದ, ಒಂದು ವಾರದೊಳಗೆ, ಪರಸ್ಪರ ಸಂಬಂಧವೇ ಇಲ್ಲದ ಮೂವರು ಬಂದೂಕು ಕೊಂಡು, ಕೊಂಡ ಕೆಲವೇ ಗಂಟೆಗಳಲ್ಲಿ ಆತ್ಮಹತ್ಯೆಯಿಂದ ಸತ್ತರು. ಅಂಗಡಿಯ ಮಾಲೀಕ ರಾಲ್ಫ್ ಡೆಮಿಕೊ ಇದರಿಂದ ಕಂಗೆಟ್ಟರು. ಅವರೂ ಆತ್ಮಹತ್ಯೆ ತಡೆಯ ಕಾರ್ಯಕರ್ತರೂ ಹಾರ್ವರ್ಡ್‌ನ ಸಂಶೋಧಕರೂ ಒಟ್ಟಿಗೆ ಕುಳಿತು ‘ಗನ್ ಶಾಪ್ ಪ್ರಾಜೆಕ್ಟ್’ ಆರಂಭಿಸಿದರು. ಗಿರಾಕಿಯ ನಡೆನುಡಿಯಲ್ಲಿ ಸಂಕಟದ ಲಕ್ಷಣ ಕಂಡರೆ ಮಾರಾಟವನ್ನು ಹೇಗೆ ನಯವಾಗಿ ಮುಂದೂಡಬೇಕು, ಸ್ನೇಹಿತ ಕುಗ್ಗಿಹೋಗಿದ್ದರೆ ಅವನ ಬಂದೂಕನ್ನು ಕೆಲವು ಕಾಲ ನೀವೇ ಏಕೆ ಇಟ್ಟುಕೊಳ್ಳಬಾರದು ಎಂಬಂಥ ಮಾತುಗಳನ್ನು ಬಂದೂಕುದಾರರ ಭಾಷೆಯಲ್ಲೇ ಹೇಳುವ ಪ್ರಯತ್ನ ಅದು. ಅಲ್ಲಿಂದ ಈ ಮಾದರಿ ಹಲವು ರಾಜ್ಯಗಳಿಗೆ ಹಬ್ಬಿತು. ಯಾವ ಕಾನೂನೂ ಬೇಕಾಗದ, ಯಾರ ಹಕ್ಕನ್ನೂ ಮುಟ್ಟದ ಈ ಕೆಲಸ ಸಾಧ್ಯವಾದದ್ದು ಸಾವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದವರು ಇದ್ದುದರಿಂದ.

ಇಸ್ರೇಲ್ ಸೇನೆಯ ಅನುಭವ ಇನ್ನೂ ಖಚಿತವಾದದ್ದು. ಅಲ್ಲಿನ ಯುವ ಸೈನಿಕರ ಆತ್ಮಹತ್ಯೆಗಳಲ್ಲಿ ಅನೇಕವು ವಾರಾಂತ್ಯಕ್ಕೆ ಮನೆಗೆ ಹೋದಾಗ, ಸೇನೆಯ ಬಂದೂಕಿನಿಂದಲೇ ಆಗುತ್ತಿದ್ದವು. ಮನೆಗೆ ಹೋಗುವಾಗ ಬಂದೂಕನ್ನು ಶಿಬಿರದಲ್ಲೇ ಬಿಟ್ಟುಹೋಗಬೇಕೆಂದು 2006ರಲ್ಲಿ ನಿಯಮ ಬದಲಾಯಿತು. ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 40ರಷ್ಟು ಇಳಿಯಿತು. ಇಳಿಕೆ ಬಹುಪಾಲು ಕಂಡದ್ದು ವಾರಾಂತ್ಯದ ದಿನಗಳಲ್ಲಿ; ವಾರದ ಉಳಿದ ದಿನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಬೇರೆ ದಾರಿ ಹುಡುಕಿಕೊಳ್ಳುತ್ತಾರೆ ಎಂಬ ವಾದ ನಿಜವಾಗಿದ್ದರೆ ಸಾವುಗಳು ಸೋಮವಾರಕ್ಕೆ ವರ್ಗವಾಗಬೇಕಿತ್ತು.

ಅಪಾಯದ ಲಕ್ಷಣ ತೋರುವ ವ್ಯಕ್ತಿಯಿಂದ ನ್ಯಾಯಾಲಯದ ಆದೇಶದ ಮೂಲಕ ತಾತ್ಕಾಲಿಕವಾಗಿ ಬಂದೂಕನ್ನು ಪಡೆದಿಡುವ ‘ರೆಡ್ ಫ್ಲ್ಯಾಗ್’ ಕಾನೂನು ಮೂರನೆಯ ದಾರಿ. ಕನೆಕ್ಟಿಕಟ್ 1999ರಲ್ಲಿ ಇದನ್ನು ಮೊದಲು ತಂದಿತು. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಕನೆಕ್ಟಿಕಟ್‌ನ ದಾಖಲೆಗಳನ್ನು ಪರಿಶೀಲಿಸಿದ 2017ರ ಅಧ್ಯಯನ, ಇಂಥ ಪ್ರತಿ 10ರಿಂದ 20 ಪ್ರಕರಣಗಳಿಗೆ ಒಂದು ಆತ್ಮಹತ್ಯೆ ತಪ್ಪಿದೆ ಎಂದು ಅಂದಾಜಿಸಿತು. ತಪ್ಪೆಸಗದ ವ್ಯಕ್ತಿಯ ಆಸ್ತಿಯನ್ನು ಮುಂಚಿತವಾಗಿ ಕಿತ್ತುಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮೇಲಿನ ಎರಡು ಮಾದರಿಗಳಿಗಿಂತ ಇದು ಹೆಚ್ಚು ವಿವಾದಾಸ್ಪದವಾಗಿರುವುದು ಆ ಕಾರಣಕ್ಕೆ.

ಬಂದೂಕನ್ನು ತಾತ್ಕಾಲಿಕವಾಗಿ ಬೇರೆಡೆ ಇಡುವುದು ಕರ್ನಾಟಕದ ಬಂದೂಕುದಾರರಿಗೆ ಅಪರಿಚಿತ ಸಂಗತಿಯಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಮಲೆನಾಡಿನ ಕೃಷಿಕರು ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮರಳಿ ತರುವುದು ರೂಢಿ. ಅದರ ಉದ್ದೇಶ ಬೇರೆ, ಅದರ ಬಗ್ಗೆ ಅಸಮಾಧಾನವೂ ಇದೆ. ಆದರೂ ಬಂದೂಕು ಕೆಲವು ವಾರ ಮನೆಯಲ್ಲಿಲ್ಲದಿದ್ದರೆ ಹಕ್ಕು ಕಳೆದುಹೋಗುವುದಿಲ್ಲ ಎಂಬುದು ಅನುಭವದಿಂದ ಗೊತ್ತಿರುವ ಮಾತು. ನಮ್ಮಲ್ಲಿ ಆತ್ಮಹತ್ಯೆಯ ಸಾಧನವಾಗಿ ಬಂದೂಕಿನ ಪಾಲು ತೀರ ಕಡಿಮೆ. 2022ರಲ್ಲಿ ದೇಶದಲ್ಲಿ 1,70,924, ಕರ್ನಾಟಕದಲ್ಲಿ 13,606 ಆತ್ಮಹತ್ಯೆಗಳು ದಾಖಲಾದವು. ಇಲ್ಲಿ ಅದೇ ತತ್ತ್ವ ಅನ್ವಯಿಸಬೇಕಾದದ್ದು ಕೀಟನಾಶಕಗಳಿಗೆ. ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಪ್ರಮಾಣ ಎರಡು ದಶಕಗಳಲ್ಲಿ ಸುಮಾರು ಶೇ 70ರಷ್ಟು ಇಳಿಯಿತು, ಬೆಳೆಯ ಇಳುವರಿ ಕುಸಿಯಲಿಲ್ಲ. ಅಮೆರಿಕದ ಸಂಶೋಧಕರು ತಮ್ಮ ವಾದಕ್ಕೆ ಈ ಉದಾಹರಣೆಯನ್ನು ಪದೇ ಪದೇ ಉಲ್ಲೇಖಿಸುತ್ತಾರೆ.

ನ್ಯಾಯಾಲಯದ ಹೊಸ ಅಳತೆಗೋಲು

ಪುರಾವೆ ಎಷ್ಟೇ ಗಟ್ಟಿಯಾಗಿದ್ದರೂ ಅಮೆರಿಕದಲ್ಲಿ ಈಗ ಅದಕ್ಕೊಂದು ಮಿತಿ ಎದುರಾಗಿದೆ. 2022ರ ಜೂನ್‌ನಲ್ಲಿ ‘ಬ್ರೂಯೆನ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಂದೂಕು ಕಾನೂನೊಂದು ಊರ್ಜಿತವೇ ಎಂದು ನಿರ್ಧರಿಸಲು ಅದರಿಂದ ಸಮಾಜಕ್ಕಾಗುವ ಒಳಿತನ್ನು ತೂಗಬಾರದು, ದೇಶದ ಚಾರಿತ್ರಿಕ ಸಂಪ್ರದಾಯಕ್ಕೆ ಅದು ಹೊಂದುತ್ತದೆಯೇ ಎಂದು ಮಾತ್ರ ನೋಡಬೇಕು ಎಂದಿತು. ಕಾನೂನೊಂದು ವರ್ಷಕ್ಕೆ ಸಾವಿರ ಜೀವ ಉಳಿಸುತ್ತದೆ ಎಂದು ಸಾಬೀತು ಮಾಡಿದರೂ ಆ ಸಾಬೀತಿಗೆ ನ್ಯಾಯಾಲಯದಲ್ಲಿ ನೇರ ಬೆಲೆಯಿಲ್ಲ ಎಂಬ ಪರಿಸ್ಥಿತಿ ಇದರಿಂದ ಉಂಟಾಯಿತು. 2024ರ ‘ರಹೀಮಿ’ ತೀರ್ಪು, ಇತರರಿಗೆ ಅಪಾಯ ಒಡ್ಡುವವರೆಂದು ನ್ಯಾಯಾಲಯ ಗುರುತಿಸಿದವರಿಂದ ತಾತ್ಕಾಲಿಕವಾಗಿ ಬಂದೂಕು ಪಡೆಯಬಹುದು ಎಂದು ಹೇಳಿ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಆದರೆ ತನಗೇ ತಾನು ಅಪಾಯವಾಗಿರುವ ವ್ಯಕ್ತಿಯ ಪ್ರಶ್ನೆಯನ್ನು ಅದು ಎತ್ತಿಕೊಂಡಿರಲಿಲ್ಲ.

ಹೀಗಾಗಿ ಸ್ವಯಂಪ್ರೇರಿತ ಕ್ರಮಗಳ ಮಹತ್ವ ಹೆಚ್ಚಿದೆ. ರೋಗಿಯ ಮನೆಯಲ್ಲಿ ಬಂದೂಕಿದೆಯೇ ಎಂದು ವೈದ್ಯರು ಕೇಳುವುದು ಅವುಗಳಲ್ಲೊಂದು. ಫ್ಲಾರಿಡಾ ರಾಜ್ಯ 2011ರಲ್ಲಿ ಆ ಪ್ರಶ್ನೆಯನ್ನೇ ನಿರ್ಬಂಧಿಸಿತ್ತು. ವೈದ್ಯರ ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಕೇಂದ್ರ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಅದನ್ನು ರದ್ದುಮಾಡಿತು. ಮಗು ಆಡಲು ಹೋಗುವ ಮನೆಯಲ್ಲಿ ಬೀಗ ಹಾಕದ ಬಂದೂಕಿದೆಯೇ ಎಂದು ಮೊದಲೇ ವಿಚಾರಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರು ಪೋಷಕರಿಗೆ ಸಲಹೆ ಕೊಡುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇಂಥ ಪ್ರಶ್ನೆ ಕೇಳಲು ಸಂಕೋಚವಾಗಬಹುದು, ಆದರೆ ಅಲ್ಲಿ ಅದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ.

ಮುಂದೆ ಏನಾಗಬಹುದು

ಮೊದಲ ಪೆಟ್ಟು ಬೀಳುವುದು ದತ್ತಾಂಶಕ್ಕೆ. 2002ರಲ್ಲಿ ಆರು ರಾಜ್ಯಗಳಲ್ಲಿ ಆರಂಭವಾದ ಹಿಂಸಾತ್ಮಕ ಸಾವುಗಳ ರಾಷ್ಟ್ರೀಯ ದಾಖಲೆ ವ್ಯವಸ್ಥೆ ಎಲ್ಲ 50 ರಾಜ್ಯಗಳನ್ನು ತಲುಪಿದ್ದು 2018ರಲ್ಲಿ. ಮರಣಪತ್ರ, ಶವಪರೀಕ್ಷೆ ಅಧಿಕಾರಿಯ ವರದಿ, ಪೊಲೀಸ್ ದಾಖಲೆ ಮೂರನ್ನೂ ಅದು ಜೋಡಿಸುತ್ತದೆ. ಬಂದೂಕು ಯಾರದ್ದು, ಬೀಗದಲ್ಲಿತ್ತೇ, ಮೃತರು ಇತ್ತೀಚೆಗೆ ಕೆಲಸ ಕಳೆದುಕೊಂಡಿದ್ದರೇ ಎಂಬ ವಿವರಗಳು ಸಿಗುವುದು ಅಲ್ಲಿಂದ. ಇಂಥ ದಾಖಲೆ ಒಂದು ವರ್ಷ ತಪ್ಪಿದರೆ ಆ ವರ್ಷದ ವಿವರ ಆಮೇಲೆ ಸಿಗುವುದಿಲ್ಲ.

ಎರಡನೆಯದು, ಪ್ರದೇಶಗಳ ನಡುವಿನ ಅಸಮಾನತೆ. ಕ್ಯಾಲಿಫೋರ್ನಿಯಾ, ನ್ಯೂ ಜೆರ್ಸಿಯಂಥ ರಾಜ್ಯಗಳು ತಮ್ಮ ಹಣದಿಂದಲೇ ಸಂಶೋಧನಾ ಕೇಂದ್ರಗಳನ್ನು ನಡೆಸುತ್ತಿವೆ. ಕೆಲವು ಖಾಸಗಿ ಪ್ರತಿಷ್ಠಾನಗಳೂ ನೆರವು ನೀಡುತ್ತಿವೆ. ಆದರೆ ಬಂದೂಕು ಆತ್ಮಹತ್ಯೆಯ ಪ್ರಮಾಣ ಅತಿ ಹೆಚ್ಚಿರುವ ಪಶ್ಚಿಮದ ಗ್ರಾಮೀಣ ರಾಜ್ಯಗಳಿಗೆ ಕೇಂದ್ರದ ಹಣವೇ ಮುಖ್ಯ ಆಸರೆ. ಶ್ರೀಮಂತ ರಾಜ್ಯಗಳಲ್ಲಿ ಸಿಕ್ಕ ಉತ್ತರಗಳು ಮೊಂಟಾನಾದ ರ‍್ಯಾಂಚ್‌ಗಳಿಗೆ ಹೊಂದುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುವವರು ಇಲ್ಲವಾಗುತ್ತಾರೆ. ಮೂರನೆಯದು 1996ರ ನಂತರ ಕಂಡ ಪರಿಣಾಮವೇ: 2020ರ ಬಳಿಕ ಈ ಕ್ಷೇತ್ರಕ್ಕೆ ಬಂದ ಯುವ ಸಂಶೋಧಕರು ಹೊರನಡೆದರೆ, ಮುಂದೆ ಹಣ ಮರಳಿದರೂ ಅದನ್ನು ಬಳಸಬಲ್ಲ ಕೈಗಳು ತಯಾರಾಗಲು ಮತ್ತೆ ವರ್ಷಗಳು ಬೇಕು.

2025ರ ಆಗಸ್ಟ್ 8ರಂದು ಅಟ್ಲಾಂಟಾದಲ್ಲಿ ಸಿಡಿಸಿಯ ಮುಖ್ಯ ಕಚೇರಿಯ ಮೇಲೆಯೇ ಗುಂಡಿನ ದಾಳಿ ನಡೆದು ಒಬ್ಬ ಪೊಲೀಸ್ ಅಧಿಕಾರಿ ಮೃತಪಟ್ಟರು, ದಾಳಿಕೋರನೂ ಸತ್ತ. ದಾಳಿಗೆ ಕೆಲವು ವಾರಗಳ ಮೊದಲು ಅವನು ಆತ್ಮಹತ್ಯೆಯ ಮಾತಾಡಿದ್ದು ಪೊಲೀಸರ ಗಮನಕ್ಕೆ ಬಂದಿತ್ತು ಎಂದೂ, ಬೀಗ ಹಾಕಿದ್ದ ತಂದೆಯ ತಿಜೋರಿಯನ್ನು ಒಡೆದು ಬಂದೂಕುಗಳನ್ನು ತೆಗೆದಿದ್ದ ಎಂದೂ ತನಿಖಾಧಿಕಾರಿಗಳು ತಿಳಿಸಿದರು. ಜಾರ್ಜಿಯಾ ರಾಜ್ಯದಲ್ಲಿ ರೆಡ್ ಫ್ಲ್ಯಾಗ್ ಕಾನೂನಿಲ್ಲ. ಮನೆಯಲ್ಲಿ ವಯಸ್ಕರೊಬ್ಬರು ಸಂಕಟದಲ್ಲಿರುವಾಗ ಬೀಗ ಎಷ್ಟರ ಮಟ್ಟಿಗೆ ಸಾಕು, ಯಾವ ಹಂತದಲ್ಲಿ ಬಂದೂಕನ್ನು ಮನೆಯಿಂದಲೇ ಹೊರಗಿಡಬೇಕು ಎಂಬುದು ಇನ್ನೂ ಸರಿಯಾಗಿ ಉತ್ತರ ಸಿಗದ ಪ್ರಶ್ನೆ. ಅದನ್ನು ಅಧ್ಯಯನ ಮಾಡಬೇಕಾಗಿದ್ದ ವಿಭಾಗದ ಅನೇಕರು ಆ ವೇಳೆಗೆ ಕೆಲಸ ಕಳೆದುಕೊಂಡಿದ್ದರು.

ಆತ್ಮಹತ್ಯೆಯ ಯೋಚನೆಗಳು ಕಾಡುತ್ತಿದ್ದರೆ, ಅಥವಾ ನಿಮ್ಮವರೊಬ್ಬರ ಬಗ್ಗೆ ಆತಂಕವಿದ್ದರೆ, ಭಾರತದಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಅಮೆರಿಕದಲ್ಲಿರುವವರು 988ಕ್ಕೆ ಕರೆ ಮಾಡಬಹುದು ಅಥವಾ ಸಂದೇಶ ಕಳುಹಿಸಬಹುದು.